ಬಸ್ಸಿಲ್ಲ, ಮದ್ದಿಲ್ಲ: ‘ತುರ್ತು’ ಅಲ್ಲದ ಕಾಯಿಲೆಯವರ ಪಾಡು

ಕೊರೊನಾದ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಅಷ್ಟರೊಳಗೆ ಕರಾವಳಿಯ ಜನ ಅದನ್ನು ಮರೆತೇ ಬಿಟ್ಟಿದ್ದರು. ಬಸ್ಸುಗಳಲ್ಲಿ ಮೊದಲಿನಂತೆ ನೂಕುನುಗ್ಗಲು, ಅಂಗಡಿಯ ಮೂಲೆಯಲ್ಲಿ ಮಾರಾಟವಾಗದ ಮಾಸ್ಕಿನ ಡಬ್ಬಿ, ನೆಲದಲ್ಲಿ ಅರ್ಧ ಅಳಿಸಿಹೋದ ಬಿಳಿ ವೃತ್ತಗಳು. ಸತ್ತವರ ಲೆಕ್ಕವೊಂದು ಸರ್ಕಾರದ ಕಡತದಲ್ಲಿ ಉಂಟು, ಅದು ಎಷ್ಟು ಸರಿ ಎಂಬುದು ಬೇರೆ ಮಾತು. ಆದರೆ ಕೊರೊನಾ ತಟ್ಟದೆಯೇ, ಒಂದು ದಿನ ಜ್ವರವೂ ಬಾರದೆಯೇ, ಆ ಎರಡು ವರ್ಷಗಳಲ್ಲಿ ಬೆರಳು ಸೊಟ್ಟಗಾದವರ, ಮೊಣಕಾಲು ಮಡಚಲಾಗದವರ ಲೆಕ್ಕ? ಅದು ಯಾವ ಕಡತದಲ್ಲೂ ಇಲ್ಲ.

ಗಂಟುನೋವು ಅಂದರೆ ಊರಿನವರ ಕಣ್ಣಿಗೆ ಮುದುಕರ ಕಾಯಿಲೆ. ‘ವಾತ ಮಾರಾಯ್ರೆ, ಬಟಾಟೆ ಬಿಡಿ, ಎಣ್ಣೆ ತಿಕ್ಕಿ’ ಎಂದರೆ ಅಲ್ಲಿಗೆ ಮುಗೀತು. ಇಲ್ಲಿ ಹೇಳುತ್ತಿರುವುದು ಆ ಬಗೆಯ ನೋವಲ್ಲ. ಮೂವತ್ತು ನಲವತ್ತರ ಹೆಂಗಸಿನ ಬೆರಳ ಗಂಟುಗಳನ್ನು ಊದಿಸುವ ರುಮಟಾಯ್ಡ್ ಸಂಧಿವಾತ, ಕೀಲಿನಿಂದ ಹಿಡಿದು ಮೂತ್ರಪಿಂಡದ ತನಕ ಎಲ್ಲೆಂದರಲ್ಲಿ ಕೈ ಹಾಕುವ ಲೂಪಸ್, ಗಂಡಾಳಿನ ಬೆನ್ನನ್ನು ಬಿದಿರಿನ ಗಳದಂತೆ ಸೆಟೆಸುವ ಸ್ಪಾಂಡಿಲೈಟಿಸ್, ಕರುಳಲ್ಲಿ ಹುಣ್ಣಾಗಿ ರಕ್ತ ಹೋಗುವ ಕೊಲೈಟಿಸ್. ಹೆಸರು ಬೇರೆ ಬೇರೆಯಾದರೂ ಜಾತಿ ಒಂದೇ. ರೋಗದೊಡನೆ ಕಾದಾಡಬೇಕಾದ ದೇಹದ ಕಾವಲುಪಡೆ ತಿರುಗಿಬಿದ್ದು ಮನೆಯವರನ್ನೇ ಬಡಿಯತೊಡಗುತ್ತದೆ, ಒಳಗೊಳಗೇ ಉರಿಯೂತ ಏಳುತ್ತದೆ. ರುಮಟಾಯ್ಡ್ ಒಂದೇ ನೂರು ಮಂದಿ ವಯಸ್ಕರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಾಲು ಹೆಚ್ಚು. ಒಂದು ಬಸ್ಸಿನಲ್ಲಿ ಅರುವತ್ತು ಜನ ಇದ್ದರೆ ಒಬ್ಬರಾದರೂ ಇದ್ದಾರು ಅನ್ನಿ.

ಇದು ಬೇರುಸಹಿತ ಗುಣವಾಗುವ ಕಾಯಿಲೆ ಅಲ್ಲ. ಹಗ್ಗ ಹಾಕಿ ಹಿಡಿದಿಡಬೇಕಾದ ಕಾಯಿಲೆ. ಆ ಹಗ್ಗಕ್ಕೆ ಹುರಿ ಹಲವು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದೇ ದಿನ, ಬೇರೊಂದು ದಿನ ಫೋಲಿಕ್ ಆಸಿಡ್. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ರಕ್ತಪರೀಕ್ಷೆ, ಯಾಕೆಂದರೆ ಮದ್ದು ಯಕೃತ್ತಿಗೂ ರಕ್ತಕಣಕ್ಕೂ ತೊಂದರೆ ಕೊಡಬಹುದು. ಆ ಚೀಟಿ ಹಿಡಿದು ತಜ್ಞರ ಮುಂದೆ ಕೂತರೆ ಅವರು ಕೀಲು ಒಂದೊಂದನ್ನೇ ಒತ್ತಿ ನೋಡಿ, ಮಾತ್ರೆ ಅರ್ಧ ಹೆಚ್ಚಿಸುತ್ತಾರೆ, ಇಲ್ಲಾಂದ್ರೆ ಅರ್ಧ ಇಳಿಸುತ್ತಾರೆ. ಕೆಲವರಿಗೆ ತಣ್ಣಗಿನ ಪೆಟ್ಟಿಗೆಯಲ್ಲೇ ಸಾಗಬೇಕಾದ ದುಬಾರಿ ಇಂಜೆಕ್ಷನ್, ಇನ್ನು ಕೆಲವರಿಗೆ ಆಸ್ಪತ್ರೆಯಲ್ಲಿ ಮಲಗಿ ಹಾಕಿಸಿಕೊಳ್ಳಬೇಕಾದ ಡ್ರಿಪ್.

ತಜ್ಞರು ಇರುವುದು ಪೇಟೆಯಲ್ಲಿ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರೂ ಗಡಿಯಾಚೆಯ ಮಂಜೇಶ್ವರ, ಕಾಸರಗೋಡಿನವರೂ ಬೆಳಗಿನ ಬಸ್ಸು ಹಿಡಿದು ಮಂಗಳೂರಿಗೆ ಬರಬೇಕು. ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಡಾಕ್ಟರನ್ನು ಕಂಡು, ಮೆಡಿಕಲಿನಲ್ಲಿ ಮದ್ದು ಕಟ್ಟಿಸಿಕೊಂಡು, ಸಂಜೆ ಬಸ್ಸಿಗೆ ವಾಪಸ್ಸು. ಇದರಲ್ಲಿ ಬಸ್ಸೂ ಒಂದು ಮದ್ದು ಎಂದು 2020ರ ಮಾರ್ಚ್‌ವರೆಗೆ ಯಾರಿಗೂ ಹೊಳೆದಿರಲಿಲ್ಲ.

ಕಾಗದದ ಮೇಲೆ ಎಲ್ಲವೂ ತೆರೆದಿತ್ತು

ಮಾರ್ಚ್ 24ರ ರಾತ್ರಿ ಘೋಷಣೆ, ಮರುದಿನದಿಂದ 21 ದಿನ ದೇಶ ಬಂದ್. ಮತ್ತೆ ಮೇ 3ರ ತನಕ, ಮತ್ತೆ 17ರ ತನಕ, ಮತ್ತೆ 31ರ ತನಕ. ಆಸ್ಪತ್ರೆಗೆ ಅಡ್ಡಿಯಿಲ್ಲ, ಮೆಡಿಕಲ್ ಶಾಪಿಗೆ ಅಡ್ಡಿಯಿಲ್ಲ ಎಂದು ಆದೇಶದಲ್ಲೇ ಬರೆದಿತ್ತು. ಸುಳ್ಳೇನಲ್ಲ. ಬಾಗಿಲು ತೆರೆದಿತ್ತು, ಆದರೆ ಬಾಗಿಲಿಗೆ ಹೋಗುವ ಬಸ್ಸು ಡಿಪೋದಲ್ಲಿತ್ತು.

ಬಾಗಿಲಾದರೂ ಹಳೆಯ ಬಾಗಿಲಾಗಿ ಉಳಿಯಿತೇ? ಬಡವರ ಪಾಲಿನ ದೊಡ್ಡಾಸ್ಪತ್ರೆ, ಮಂಗಳೂರಿನ ವೆನ್ಲಾಕ್, ಕೋವಿಡ್ ಆಸ್ಪತ್ರೆಯಾಯಿತು. ಉಳಿದ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಬೆಂಗಳೂರಿನಲ್ಲಿ ವಿಕ್ಟೋರಿಯಾದ್ದೂ ಅದೇ ಕಥೆ, ದೆಹಲಿಯ ಏಮ್ಸ್ ಕೂಡ ಹೊರರೋಗಿಗಳ ವಿಭಾಗ ಮುಚ್ಚಿತು. ಸೋಂಕು ಹಬ್ಬುತ್ತಿರುವಾಗ ವರಾಂಡದಲ್ಲಿ ಇನ್ನೂರು ಮಂದಿಯನ್ನು ಕೂರಿಸುವುದು ಹೇಗೆ ಎಂದು ಆಸ್ಪತ್ರೆಯವರು ಕೇಳಿದರೆ ಅದಕ್ಕೆ ಎದುರುತ್ತರವಿಲ್ಲ. ಫೋನು ಮಾಡಿದವರಿಗೆ ಎಲ್ಲ ಕಡೆ ಒಂದೇ ಮಾತು: ‘ತುರ್ತು ಇದ್ರೆ ಮಾತ್ರ ಬನ್ನಿ.’

ಕುತ್ತಿಗೆಗೆ ಬಿದ್ದದ್ದು ಈ ‘ತುರ್ತು’ ಎಂಬ ಶಬ್ದವೇ. ಎದೆ ಹಿಡಿದುಕೊಂಡರೆ ತುರ್ತು. ಹೆರಿಗೆ ತುರ್ತು. ಅಪಘಾತ ತುರ್ತು. ನಾಕಾಬಂದಿಯಲ್ಲಿ ಲಾಠಿ ಹಿಡಿದು ನಿಂತ ಕಾನ್‌ಸ್ಟೆಬಲನಿಗೆ ಊದಿದ ಬೆರಳು ತೋರಿಸಿದರೆ ‘ಇದಕ್ಕೆ ಮಂಗಳೂರಿಗೆ ಹೋಗ್ಬೇಕಾ?’ ಎಂದು ಆತ ಕೇಳುವುದು ಸಹಜವೇ. ಅವನೇನು ಡಾಕ್ಟರಲ್ಲ. ಈ ಕಾಯಿಲೆಗಳ ಕುಚೋದ್ಯ ಅದು. ಇವು ಯಾವತ್ತೂ ಇವತ್ತಿನ ತುರ್ತು ಅಲ್ಲ. ಮದ್ದು ತಪ್ಪಿದ ಮರುದಿನ ಏನೂ ಆಗುವುದಿಲ್ಲ. ವಾರ ಕಳೆದರೂ ಹೆಚ್ಚೇನಿಲ್ಲ. ತಿಂಗಳು ಎರಡು ತಿಂಗಳಾಗುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಕೈ ಬಾರದು. ಆಮೇಲೆ ಮದ್ದು ಮತ್ತೆ ಶುರುಮಾಡಿದರೆ ಊತ ಇಳಿದೀತು, ನೋವೂ ಇಳಿದೀತು, ಆದರೆ ಅಷ್ಟರಲ್ಲಿ ಸವೆದ ಮೂಳೆ ಮತ್ತೆ ಬೆಳೆಯುವುದಿಲ್ಲ.

ಸರ್ಕಾರಿ ಬಸ್ಸು ರಾಜ್ಯದಲ್ಲಿ ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ, ಅದೂ ಬಸ್ಸಿಗೆ ಮೂವತ್ತೇ ಜನ. ಕರಾವಳಿಯಲ್ಲಾದರೋ ಖಾಸಗಿ ಬಸ್ಸಿನದೇ ಕಾರುಬಾರು, ಅವಕ್ಕೆ ಇನ್ನಷ್ಟು ದಿನ ಹಿಡಿಯಿತು. ಸ್ವಂತ ಕಾರಿದ್ದವರು ಪಾಸು ಮಾಡಿಸಿಕೊಂಡು ಹೋಗಿಬಂದರು. ಬಾಡಿಗೆ ಕಾರಿಗೆ ಕೊಡುವ ದುಡ್ಡಿನಲ್ಲಿ ಮೂರು ತಿಂಗಳ ಮಾತ್ರೆ ಬರುತ್ತದೆ ಎಂದು ಲೆಕ್ಕ ಹಾಕಿದವರು ಮನೆಯಲ್ಲೇ ಉಳಿದರು.

ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬ ಹೆಡ್ ಕಾನ್‌ಸ್ಟೆಬಲ್ ಧಾರವಾಡದ ಕ್ಯಾನ್ಸರ್ ರೋಗಿಯೊಬ್ಬರಿಗೆ ಮದ್ದು ಮುಟ್ಟಿಸಲು ಸ್ಕೂಟರಿನಲ್ಲೇ ನಾನೂರು ಕಿಲೋಮೀಟರಿಗೂ ಮಿಕ್ಕಿ ಓಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು, ಇಲಾಖೆ ಆತನನ್ನು ಸನ್ಮಾನಿಸಿತು. ದೊಡ್ಡ ಮನುಷ್ಯ, ಸನ್ಮಾನಕ್ಕೆ ಯೋಗ್ಯ. ಅಂಚೆ ಇಲಾಖೆಯವರೂ ಮದ್ದಿನ ಪಾರ್ಸೆಲ್ಲುಗಳನ್ನು ಊರೂರಿಗೆ ಹೊತ್ತರು, ಅವರಿಗೆ ಹಾರ ಹಾಕಿದವರು ಕಡಿಮೆ. ಆದರೆ ಒಂದು ಬಸ್ಸು ಮಾಡುವ ಕೆಲಸವನ್ನು ಒಂದು ಸ್ಕೂಟರು ಎಷ್ಟು ಮನೆಗೆಂದು ಮಾಡೀತು?

ತಲಪಾಡಿಯ ಮಣ್ಣುದಿಬ್ಬ

ಗಡಿಯಾಚೆಯವರ ಪಾಡು ಇನ್ನೊಂದು ತೂಕ ಹೆಚ್ಚು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಕಾಯಿಲೆ ಬಿದ್ದವರು ಮಾತ್ರ ಮಂಗಳೂರಿಗೆ ಬರುವುದನ್ನು ಬಿಡಲಿಲ್ಲ. ಕಾಸರಗೋಡಿನಿಂದ ಮಂಗಳೂರು ಸುಮಾರು ಐವತ್ತು ಕಿಲೋಮೀಟರ್, ತಮ್ಮದೇ ರಾಜಧಾನಿ ತಿರುವನಂತಪುರ ಐನೂರು ದಾಟುತ್ತದೆ. ಕನ್ನಡ, ತುಳು, ಮಲಯಾಳ ಯಾವ ಮಾತಾಡುವವರಿಗೂ ಡಾಕ್ಟರ ಫೈಲು ಇರುವುದು ಮಂಗಳೂರಲ್ಲೇ.

2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸ್ ಕಾವಲು, ಒಳದಾರಿಗಳಿಗೆ ಲಾರಿಯಲ್ಲಿ ತಂದು ಸುರಿದ ಮಣ್ಣು. ಕಾಸರಗೋಡಿನಲ್ಲಿ ಆಗ ಸೋಂಕು ಜೋರಾಗಿತ್ತು, ಮಂಗಳೂರಿನವರ ಹೆದರಿಕೆ ಬರೀ ಸುಳ್ಳೆನ್ನಲಾಗದು. ಆದರೆ ಆಂಬುಲೆನ್ಸನ್ನೂ ಹಿಂದೆ ಕಳಿಸಿದರು, ದಾರಿ ಸಿಗದೆ ಜೀವ ಹೋಯಿತು ಎಂಬ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಚಿಕಿತ್ಸೆಗೆ ಹೋಗುವವರ ದಾರಿ ತೆರೆಸಿ ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹತ್ತಿತು. ರಾಜಿಯಾಗಿದೆ, ರೋಗಿಗಳನ್ನು ಬಿಡಲು ಕ್ರಮ ಗೊತ್ತುಮಾಡಿದ್ದೇವೆ ಎಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು.

ಬಿಟ್ಟದ್ದು ಯಾರನ್ನು? ತುರ್ತು ರೋಗಿಗಳನ್ನು. ಮತ್ತದೇ ಶಬ್ದ. ಹೃದಯ ನಿಂತವನ ಮಟ್ಟಿಗೆ ಎರಡು ಸರ್ಕಾರ, ಎರಡು ಕೋರ್ಟು ತಲೆಕೆಡಿಸಿಕೊಂಡವು, ಒಳ್ಳೆಯದೇ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಮಾತ್ರೆ ಬದಲಿಸಬೇಕಾದವಳು ಆಂಬುಲೆನ್ಸಿನಲ್ಲಿ ಮಲಗಿ ಬರಬೇಕೇ? ಅವಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಉಕ್ಕಿನಡ್ಕದಲ್ಲಿ ಕಾಸರಗೋಡಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ತರಾತುರಿಯಲ್ಲಿ ಆಸ್ಪತ್ರೆಯಾಯಿತು, ಆದರೆ ಅದು ಕೋವಿಡ್‌ಗೆ. ಎರಡು ಊರಿನ ನಡುವಿನ ಬಸ್ಸಿಗೆ ಮತ್ತೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಬಂದ ಮೇಲೂ 2021ರ ಫೆಬ್ರುವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಚೀಟಿ ತೋರಿಸಿ ಎಂದು ತಲಪಾಡಿಯಲ್ಲಿ ತಡೆದರು. ಮೂಗಿಗೆ ಕಡ್ಡಿ ಹಾಕಿಸಲು ಒಂದು ದಿನದ ಕೂಲಿ, ಡಾಕ್ಟರನ್ನು ನೋಡಲು ಇನ್ನೊಂದು ದಿನದ ಕೂಲಿ.

ಮಾತ್ರೆಗೆ ವಿಮಾನ ಸಿಕ್ಕಿತು

ಇಷ್ಟರ ನಡುವೆ ಇನ್ನೊಂದು ಪ್ರಹಸನ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಅಗ್ಗದ ಮಾತ್ರೆ ಲೂಪಸ್‌ನವರ ದಿನದ ಊಟ ಇದ್ದ ಹಾಗೆ, ಸಂಧಿವಾತದವರಲ್ಲೂ ಎಷ್ಟೋ ಮಂದಿ ಅದನ್ನೇ ನುಂಗುವವರು. 2020ರ ಮಾರ್ಚ್ 21ಕ್ಕೆ ಅಮೆರಿಕದ ಅಧ್ಯಕ್ಷ ಟ್ರಂಪ್ ಅದನ್ನು ಕೊರೊನಾಕ್ಕೆ ರಾಮಬಾಣ ಎಂಬಂತೆ ಹೊಗಳಿದರು. ಒಂದೆರಡು ದಿನದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕೊರೊನಾ ರೋಗಿಗಳ ಆರೈಕೆ ಮಾಡುವ ಸಿಬ್ಬಂದಿಗೂ ರೋಗಿಯ ಮನೆಯವರಿಗೂ ಮುಂಜಾಗ್ರತೆಗೆ ಇದನ್ನು ಕೊಡಬಹುದೆಂದರು. ಕೊಡಬಹುದಾದ್ದು ಇಂಥವರಿಗೆ ಎಂಬ ಸಾಲನ್ನು ಓದುವ ವ್ಯವಧಾನ ಯಾರಿಗಿತ್ತು? ಮೆಡಿಕಲ್ ಶಾಪುಗಳ ಮುಂದೆ ಆರೋಗ್ಯವಂತರ ಸಾಲು. ಒಬ್ಬನಿಗೆ ಒಂದು ಸ್ಟ್ರಿಪ್ ಸಾಲದು, ಮನೆಗೆಲ್ಲ ಬೇಕು, ಮುಂಬೈಯ ಭಾವನಿಗೂ ಬೇಕು.

ವರ್ಷಗಟ್ಟಲೆಯಿಂದ ಅದೇ ಮಾತ್ರೆ ಒಯ್ಯುತ್ತಿದ್ದ ರೋಗಿ ಬರುವಾಗ ಕಪಾಟು ಖಾಲಿ. ಮಾರ್ಚ್ 26ಕ್ಕೆ ಕೇಂದ್ರ ಸರ್ಕಾರ ಅದನ್ನು ಎಚ್-1 ಪಟ್ಟಿಯ ಕಟ್ಟುಪಾಡಿಗೆ ಸೇರಿಸಿತು. ಡಾಕ್ಟರ ಚೀಟಿ ಬೇಕೇ ಬೇಕು, ಯಾರು ಬರೆದರು, ಯಾರಿಗೆ, ಎಷ್ಟು ಎಂದು ಅಂಗಡಿಯವನು ಬೇರೆ ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ಕಾನೂನು ಸರಿಯೇ. ಆದರೆ ಸಾಲು ನಿಂತವರು ಮನೆಗೆ ಹೋದ ಮೇಲೆ ಬಂದ ಕಾನೂನು, ಹಳೆಯ ಚೀಟಿ ಹಿಡಿದು ಬಂದ ನಿಜವಾದ ರೋಗಿಯ ಕೈಗೇ ಮೊದಲು ತೊಡರಿತು. ‘ಹೊಸ ಚೀಟಿ ತನ್ನಿ ಅಕ್ಕಾ’ ಎಂದರೆ ಎಲ್ಲಿಂದ ತರುವುದು?

ಇತ್ತ ರಫ್ತು ನಿಷೇಧ ಮಾರ್ಚ್ 25ಕ್ಕೆ, ಇನ್ನಷ್ಟು ಬಿಗಿ ಏಪ್ರಿಲ್ 4ಕ್ಕೆ, ಸಡಿಲ 7ಕ್ಕೆ. ಅದೇ ವಾರ ಭಾರತದ ಮಾತ್ರೆ ವಿಮಾನ ಹತ್ತಿ ಅಮೆರಿಕಕ್ಕೆ ಹೋಯಿತು. ಸುಳ್ಯದಿಂದ ಮಂಗಳೂರಿಗೆ ಆಗ ಬಸ್ಸು ಇರಲಿಲ್ಲ. ಕೊನೆಗೆ ಏನಾಯಿತು? ಜೂನ್ 5ಕ್ಕೆ ಬ್ರಿಟನ್ನಿನ ದೊಡ್ಡ ಪರೀಕ್ಷೆಯವರು, ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಇದರಿಂದ ಪ್ರಯೋಜನವಿಲ್ಲ ಎಂದರು. ಹತ್ತೇ ದಿನದಲ್ಲಿ ಅಮೆರಿಕವೂ ತಾನು ಕೊಟ್ಟ ತುರ್ತು ಅನುಮತಿ ಹಿಂತೆಗೆದುಕೊಂಡಿತು. ಕೊರೊನಾಕ್ಕೆ ಒದಗದ ಮದ್ದು, ಒದಗುವವರಿಗೆ ಸಿಗದೆ ಹೋಯಿತು.

ಮರುವರ್ಷ ಇದೇ ಆಟ ಇನ್ನೊಂದು ಮದ್ದಿನಲ್ಲಿ. ಟೊಸಿಲಿಜುಮ್ಯಾಬ್ ಸಂಧಿವಾತದವರ ಇಂಜೆಕ್ಷನ್, ಆಗ ಹೊರದೇಶದಿಂದ ಬರಬೇಕಿತ್ತು, ಒಂದಕ್ಕೆ ಹತ್ತಾರು ಸಾವಿರ ರೂಪಾಯಿ. 2021ರ ಏಪ್ರಿಲ್, ಮೇಯಲ್ಲಿ ಎರಡನೇ ಅಲೆಯ ರೋಗಿಗಳಿಗಾಗಿ ದೇಶವೇ ಅದರ ಬೆನ್ನು ಬಿತ್ತು. ಈ ಸಲ ಮದ್ದು ನಿಜಕ್ಕೂ ಕೆಲವು ಕೊರೊನಾ ರೋಗಿಗಳ ಪ್ರಾಣ ಉಳಿಸುವಂಥದು, ಆದ್ದರಿಂದ ದೂರುವಂತಿಲ್ಲ. ಸಂಧಿವಾತದವರು ಸುಮ್ಮನೆ ಸಾಲಿನಿಂದ ಹೊರಗೆ ನಿಂತರು. ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೂ ಅದೇ ಮೇಯಲ್ಲಿ ಕೊರೊನಾಕ್ಕೆಂದು ತುರ್ತು ಅನುಮತಿ ಸಿಕ್ಕಿತು. ಅದೂ ಇವರದೇ ಡಬ್ಬಿಯದು.

ಹೆದರಿಕೆ ಎಂಬ ಡಾಕ್ಟರು

ಮದ್ದು ಇದ್ದವರೂ ಬಿಟ್ಟರು, ಅದು ಇನ್ನೊಂದು ಕಥೆ. ಈ ಮದ್ದುಗಳು ಕಾವಲುಪಡೆಯನ್ನು ತಣ್ಣಗೆ ಕೂರಿಸುವಂಥವು. ಹಾಗಾದರೆ ಕೊರೊನಾ ಬಂದರೆ ಗತಿಯೇನು? ಈ ಪ್ರಶ್ನೆ ತಪ್ಪಲ್ಲ. ಉತ್ತರ ಕೊಟ್ಟದ್ದು ಮಾತ್ರ ವಾಟ್ಸಾಪ್. ‘ಇಮ್ಯೂನಿಟಿ ಕಡಿಮೆ ಮಾಡುವ ಮಾತ್ರೆ ಬಿಡಿ, ಕಷಾಯ ಕುಡಿಯಿರಿ.’ ದೇಶ ವಿದೇಶಗಳ ವಾತರೋಗ ತಜ್ಞರು ಸೋಂಕು ತಗಲದವರು ಮದ್ದು ನಿಲ್ಲಿಸಬಾರದು ಎಂದು ಮೊದಲ ತಿಂಗಳುಗಳಲ್ಲೇ ಹೇಳಿದ್ದರು. ಆ ಮಾತು ಬೆಳ್ತಂಗಡಿಯ ಒಳಹಳ್ಳಿಗೆ ಮುಟ್ಟುವ ಹೊತ್ತಿಗೆ ಕಷಾಯ ಮೂರು ಸುತ್ತು ಕುದಿದಿತ್ತು.

ತಜ್ಞರ ಮಾತಿಗೆ ಆಧಾರ ಆಮೇಲೆ ಸಿಕ್ಕಿತು. ನಲವತ್ತು ದೇಶಗಳ 600 ರೋಗಿಗಳ ಲೆಕ್ಕ 2020ರಲ್ಲೇ ಹೊರಬಂತು. ದಿನಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸ್ಟೀರಾಯ್ಡ್ ನುಂಗುತ್ತಿದ್ದವರು ಕೊರೊನಾ ಬಂದಾಗ ಆಸ್ಪತ್ರೆ ಸೇರಿದ್ದು ಹೆಚ್ಚು. ಮರುವರ್ಷ 3,729 ರೋಗಿಗಳ ಲೆಕ್ಕ ಬಂತು. ಕೀಲಿನ ಕಾಯಿಲೆ ಹಿಡಿತಕ್ಕೆ ಸಿಗದೆ ಕೆರಳಿದ್ದವರಲ್ಲಿ ಸಾವು ಹೆಚ್ಚು ಎಂದು ಅದು ತೋರಿಸಿತು. ಎರಡನ್ನೂ ಜೊತೆಗಿಟ್ಟು ನೋಡಬೇಕು. ಮೆಥೊಟ್ರೆಕ್ಸೇಟ್ ಬಿಟ್ಟವನ ಕೀಲು ಕೆರಳುತ್ತದೆ, ನೋವು ತಾಳದೆ ಹತ್ತಿರದ ಮೆಡಿಕಲಿಗೆ ಹೋಗುತ್ತಾನೆ, ಅಲ್ಲಿ ಸಿಗುವುದು ನೋವಿನ ಗುಳಿಗೆ ಮತ್ತು ಅಗ್ಗದ ಸ್ಟೀರಾಯ್ಡ್. ಯಾವುದಕ್ಕೆ ಹೆದರಿ ಮದ್ದು ಬಿಟ್ಟನೋ ಅದರ ಬಾಯಿಗೇ ಹೋಗುವ ದಾರಿ ಅದು. ಮೇಲಿಂದ ನೋವಿನ ಗುಳಿಗೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಮಾಡುವ ಉಪದ್ರ ಬೇರೆ. ತಿಂಗಳುಗಟ್ಟಲೆ ತಿಂದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಮನುಷ್ಯ ಬಿದ್ದೇ ಹೋದಾನು. ಅದು ಮಾತ್ರ ನಿಜಕ್ಕೂ ತುರ್ತು.

ಫೋನು ಕೆಲವರನ್ನು ಕಾಪಾಡಿತು. ಡಾಕ್ಟರು ದೂರದಿಂದಲೇ ರೋಗಿಯನ್ನು ವಿಚಾರಿಸಿ ಚೀಟಿ ಬರೆಯಬಹುದು ಎಂಬ ನಿಯಮಾವಳಿ 2020ರ ಮಾರ್ಚ್ 25ಕ್ಕೆ ಬಂತು, ಲಾಕ್‌ಡೌನಿನ ಮೊದಲ ದಿನವೇ. ಸರ್ಕಾರದ ಕಡೆಯಿಂದ ಹೊತ್ತಿಗೆ ಸರಿಯಾಗಿ ಆದ ಕೆಲಸಗಳಲ್ಲಿ ಇದೊಂದು. ಹಳೆಯ ರೋಗಿ, ಹಳೆಯ ಮದ್ದು ಆದರೆ ಫೋನಿನಲ್ಲಿ ಎರಡು ಮಾತು ಸಾಕು, ಚೀಟಿಯ ಫೋಟೋ ಮೊಬೈಲಿಗೆ ಬಂತು, ಅಂಗಡಿಯವನು ಮದ್ದು ಕೊಟ್ಟ. ಎಷ್ಟೋ ಮೆಡಿಕಲಿನವರು ಡಾಕ್ಟರಿಗೆ ತಾವೇ ಫೋನು ಮಾಡಿ ಚೀಟಿ ತರಿಸಿಕೊಟ್ಟರು, ಸಾಲ ಬರೆದುಕೊಂಡು ಮದ್ದು ಕೊಟ್ಟವರೂ ಇದ್ದರು. ಆದರೆ ಫೋನಿನಲ್ಲಿ ಕೀಲು ಒತ್ತಿ ನೋಡಲಾಗುವುದಿಲ್ಲ. ಹೊಸದಾಗಿ ಬೆರಳು ಊದತೊಡಗಿದವರಿಗೆ ಅದು ವಾತವೋ, ಚಿಕುನ್‌ಗುನ್ಯಾದ ಬಾಲವೋ ಎಂದು ಫೋನಿನಲ್ಲಿ ಹೇಳುವುದು ಹೇಗೆ? ಮೆಥೊಟ್ರೆಕ್ಸೇಟಿನಂಥ ಮದ್ದನ್ನು ಕೇಳಿಸದ ನೆಟ್‌ವರ್ಕಿನಲ್ಲಿ ಹೇಳುವುದಂತೂ ಕತ್ತಿಯ ಮೇಲಿನ ನಡಿಗೆ. ವಾರಕ್ಕೊಮ್ಮೆ ಎಂದದ್ದು ದಿನಕ್ಕೊಮ್ಮೆ ಎಂದು ಕೇಳಿದರೆ ಬಾಯಿ ತುಂಬ ಹುಣ್ಣು, ರಕ್ತಕಣ ಕುಸಿತ, ಜೀವಕ್ಕೇ ಸಂಚಕಾರ.

ಆರರಿಂದ ಹತ್ತು

2021ರ ಏಪ್ರಿಲ್ 7ರಿಂದ ಸುಮಾರು ಎರಡು ವಾರ ಸಾರಿಗೆ ನೌಕರರ ಮುಷ್ಕರ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ 27ರಿಂದ ಜನತಾ ಕರ್ಫ್ಯೂ, ಮೇ 10ರಿಂದ ಬಿಗಿ ಲಾಕ್‌ಡೌನ್. ದಿನಸಿ ತರಕಾರಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ವಾಹನ ಬೇಡ, ನಡೆದೇ ಬನ್ನಿ ಎಂದು ಮೊದಮೊದಲು ಆಜ್ಞೆ.

ರುಮಟಾಯ್ಡ್‌ನವರ ಮೊದಲ ಲಕ್ಷಣವೇ ಬೆಳಗಿನ ಬಿಗಿತ. ಎದ್ದ ಮೇಲೆ ಒಂದು ಗಂಟೆ, ಕೆರಳಿದ್ದರೆ ಎರಡು ಮೂರು ಗಂಟೆ, ಕೈಕಾಲು ಮರದ ತುಂಡು. ಬಿಸಿನೀರಿನಲ್ಲಿ ಕೈ ಅದ್ದಿ, ನಿಧಾನಕ್ಕೆ ಮಡಚಿ ಬಿಡಿಸಿ, ಹತ್ತರ ಹೊತ್ತಿಗೆ ಮನುಷ್ಯರಾಗುವವರು ಅವರು. ಅಂಗಡಿ ಬಾಗಿಲು ಬೀಳುವುದೂ ಹತ್ತಕ್ಕೆ. ಈ ಸಮಯ ಗೊತ್ತುಮಾಡಿದವರಿಗೆ ಕೆಡುಕು ಮಾಡುವ ಉದ್ದೇಶ ಇರಲಿಲ್ಲ. ಆ ಮೇಜಿನ ಸುತ್ತ ಕೂತವರಲ್ಲಿ ಬೆಳಿಗ್ಗೆ ಬೆರಳು ಮಡಚಲಾಗದವರು ಯಾರೂ ಇರಲಿಲ್ಲ, ಅಷ್ಟೇ.

ಇದೆಲ್ಲ ಬಂದು ಕೂತದ್ದು ಬೀಡಿ ಕಟ್ಟುವ ಹೆಂಗಸರ ಬೆರಳ ಮೇಲೆ. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಮನೆಮನೆಯ ಜಗಲಿಯಲ್ಲಿ ನಡೆಯುವ ಕೆಲಸ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದೆಲ್ಲ ಬೆರಳ ತುದಿಯದು. ರುಮಟಾಯ್ಡ್ ಮೊದಲು ಹಿಡಿಯುವುದೂ ಬೆರಳ ಆ ಸಣ್ಣ ಗಂಟುಗಳನ್ನೇ. ಲಾಕ್‌ಡೌನಿನಲ್ಲಿ ಬ್ರಾಂಚುಗಳು ಮುಚ್ಚಿದವು, ಎಲೆಯಿಲ್ಲ, ಸೊಪ್ಪಿಲ್ಲ, ಸಂಬಳವಿಲ್ಲ. ಸಂಬಳವಿಲ್ಲದ ತಿಂಗಳಲ್ಲಿ ಮನೆಯವರು ಮೊದಲು ಕತ್ತರಿ ಹಾಕುವುದು ಯಾರ ಮದ್ದಿಗೆ? ಮಕ್ಕಳ ಹಾಲಿಗಲ್ಲ, ಅಜ್ಜನ ಬಿಪಿ ಮಾತ್ರೆಗೂ ಅಲ್ಲ. ‘ನನಗೆ ಈಗ ನೋವು ಕಡಿಮೆ ಉಂಟು, ಬರುವ ತಿಂಗಳು ತಂದರಾಯ್ತು’ ಎಂದು ಮನೆಯೊಡತಿ ತನ್ನ ಮದ್ದನ್ನೇ ಮುಂದಕ್ಕೆ ಹಾಕುತ್ತಾಳೆ. ನೋವು ಕಡಿಮೆ ಇದ್ದದ್ದು ಮದ್ದಿನಿಂದಲೇ ಎಂಬುದು ಎರಡು ತಿಂಗಳ ಮೇಲೆ ತಿಳಿಯುತ್ತದೆ.

ಬ್ರಾಂಚು ಮತ್ತೆ ತೆರೆದಾಗ ಎಲೆಯೂ ಬಂತು, ಸೊಪ್ಪೂ ಬಂತು. ಬೀಡಿ ಲೆಕ್ಕ ಈಗಲೂ ಸಾವಿರಕ್ಕೆ. ಸಡಿಲ ಕಟ್ಟಿದ್ದನ್ನು ಬ್ರಾಂಚಿನವರು ಬದಿಗಿಡುತ್ತಾರೆ, ಬೆರಳು ಸೊಟ್ಟಗಾದವಳಿಗೆ ಬೇರೆ ರೇಟು ಇಲ್ಲ.